ಚನ್ನವ್ವನ ಮತ, ಮಹಾಲಿಂಗಪ್ಪನ ಆಣೆ

ನಮ್ಮೂರಿನ ನೀರು ಬಳಕೆದಾರರ ಸಂಘದ ಸಭಾಕೋಣೆಯೊಳಗೆ ನಾನು ಹೋಗಿ ಬಂದಷ್ಟು ಸಲ ಬೇರೆ ಯಾವ ಹೆಂಗಸೂ ಹೋಗಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ಸಿಟ್ಟಿನಿಂದ ಹೇಳುತ್ತಿದ್ದೇನೆ. ನಾನು ಜಮಾಲಬಿ. ಆ ಸಂಘದ ಕಸ ಹೊಡೆಯುವವಳು, ಚಹಾ ಮಾಡುವವಳು. ಆಡಳಿತ ಮಂಡಳಿಯಲ್ಲಿ ಹೆಂಗಸರಿಗೆಂದು ಕಾಯ್ದೆ ಪ್ರಕಾರ ಕುರ್ಚಿ ತೆಗೆದಿಟ್ಟು ಎಷ್ಟೋ ವರ್ಷವಾಯಿತು. ಆ ಕುರ್ಚಿಗಳ ಧೂಳು ಒರೆಸಿದವಳು ನಾನು, ಅವುಗಳ ಮೇಲೆ ಕುಂತವರು ಆ ಹೆಂಗಸರ ಗಂಡಂದಿರು. ಚಹಾ ಕುಡಿದು, ಸಕ್ಕರೆ ಕಡಿಮೆಯಾಯಿತೆಂದು ನನ್ನನ್ನು ಬೈದು, ಹೆಂಡತಿಯ ಸಹಿ ಮನೆಯಿಂದ ಹಾಕಿಸಿ ತರುತ್ತೇನೆಂದು ಎದ್ದು ಹೋಗುತ್ತಿದ್ದರು. ಇದು ಯಾರಿಗೂ ತಪ್ಪು ಅನಿಸಿರಲಿಲ್ಲ. ಖರೇ ಹೇಳಬೇಕೆಂದರೆ, ಹೋದ ವರ್ಷದ ತನಕ ನನಗೂ ಅನಿಸಿರಲಿಲ್ಲ.

ಚನ್ನವ್ವ ನನ್ನ ಪಕ್ಕದ ಮನೆಯವಳು. ಇಬ್ಬರ ಅಡಿಗೆಮನೆಗೂ ಒಂದೇ ಗೋಡೆ. ಅವಳು ರೊಟ್ಟಿ ಬಡಿದರೆ ನನ್ನ ಮನೆಯ ಡಬ್ಬಿಗಳು ಅಲುಗುತ್ತವೆ. ಯಾವಗಲ್‌ನಿಂದ ಸೊಸೆಯಾಗಿ ಬಂದವಳು. ಗಂಡ ಮಹಾಲಿಂಗಪ್ಪನಿಗೆ ನರಗುಂದದಲ್ಲಿ ಅರಿವೆ ಅಂಗಡಿ. ಬೆಳಗ್ಗೆ ಬಸ್ಸಿಗೆ ಹೋದರೆ ಸಂಜೆ ಬರುತ್ತಾನೆ. ಕೆಟ್ಟವನಲ್ಲ, ಬಾಯಿ ಮಾತ್ರ ಸ್ವಲ್ಪ ದೊಡ್ಡದು. ಹೊಲ ಪೂರ್ತಿ ಚನ್ನವ್ವನ ಪಾಲಿಗೆ. ಬಿತ್ತುವುದು, ಕಳೆ ತೆಗೆಯುವುದು, ಕಾಲುವೆಗೆ ನೀರು ಬಿಟ್ಟಾಗ ಸಲಿಕೆ ಹೊತ್ತು ಹೋಗಿ ನೀರು ಹಾಯಿಸುವುದು, ಎಲ್ಲ ಅವಳೇ.

ಅವಳ ಗುಣ ತಿಳಿಯಬೇಕಾದರೆ ಒಂದು ಸಂಗತಿ ಕೇಳಿರಿ. ನನ್ನ ಮಗಳ ಚೊಚ್ಚಲ ಹೆರಿಗೆ. ನನಗೋ ಬಲು ಹೆದರಿಕೆ. "ನೀ ಹೆದರಬ್ಯಾಡ ಜಮಾಲಬಿ, ದವಾಖಾನ್ಯಾಗ ನಿನ್ನ ಮಗ್ಗಲಕ್ಕ ನಾ ಇರ್ತೀನಿ" ಎಂದು ಚನ್ನವ್ವ ಮಾತು ಕೊಟ್ಟಿದ್ದಳು. ಬ್ಯಾನಿ ಶುರುವಾಗಿದ್ದು ನೋಡಿರಿ, ಅವಳ ತಮ್ಮನ ಮದುವೆಯ ದಿನವೇ. ಯಾವಗಲ್‌ಗೆ ಫೋನ್ ಮಾಡಿ ಸುದ್ದಿ ಮುಟ್ಟಿಸಿದೆ, ಬಾ ಎಂದು ಕರೆಯಲಿಲ್ಲ. ಅಕ್ಕಿಕಾಳು ಬಿದ್ದ ಕೂಡಲೇ, ಊಟವನ್ನೂ ಮಾಡದೆ, ಬಸ್ಸು ಸಿಗದೆ, ಯಾರದೋ ಟ್ರ್ಯಾಕ್ಟರಿನ ಮೇಲೆ ನಿಂತುಕೊಂಡು ಬಂದಳು. ರೇಷ್ಮೆ ಸೀರೆಯ ತುಂಬ ಧೂಳು. ನರ್ಸಬಾಯಿ ಒಳಗೇ ಬಿಡಲಿಲ್ಲ. ಹೊರಗೆ ಬಾಕಿನ ಮೇಲೆ ನನ್ನ ಕೈ ಹಿಡಿದು ಕುಂತಳು. ಕೊಟ್ಟ ಮಾತು ತಪ್ಪುವ ಜಾತಿಯೇ ಅಲ್ಲ ಅವಳದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ನೀರಿನ ಪಾಳಿಯ ವಿಷಯ. ಕಾಲುವೆಗೆ ನೀರು ಬಂದರೆ ಎಲ್ಲರಿಗೂ ಒಮ್ಮೆಲೇ ಸಿಗುವುದಿಲ್ಲ, ಸಂಘದವರು ಪಾಳಿ ಹಚ್ಚುತ್ತಾರೆ. ಸಂಘ ಹುಟ್ಟಿದಾಗಿನಿಂದ ಅಧ್ಯಕ್ಷರು ಗುರುಸಂಗಪ್ಪನವರು. ದೊಡ್ಡ ಹೊಲದವರು, ಕಾಳಿನ ವ್ಯಾಪಾರದವರು. ಅವರ ಪದ್ಧತಿ ಸರಳ: ಕೂಗಾಡುವವರಿಗೆ ಹಗಲು, ಸುಮ್ಮನಿರುವವರಿಗೆ ರಾತ್ರಿ. ಸುಮ್ಮನಿರುವವರು ಯಾರು? ವಿಧವೆಯರು, ಕೂಲಿ ಮಾಡುತ್ತ ಒಂದಿಷ್ಟು ಹೊಲ ಇಟ್ಟುಕೊಂಡವರು, ಗಂಡ ಹೊರಗೆ ದುಡಿಯುವ ಹೆಂಗಸರು. ಚನ್ನವ್ವನದು ಯಾವಾಗಲೂ ರಾತ್ರಿ ಪಾಳಿ. ಗಂಡನ ಹಳೆಯ ಚಪ್ಪಲಿ ಮೆಟ್ಟಿಕೊಂಡು, ಬ್ಯಾಟರಿ ಹಿಡಿದು, ಓಣಿ ದಾಟುವ ತನಕ ಜೋರಾಗಿ ಗಂಡಸಿನ ಹಾಗೆ ಕೆಮ್ಮುತ್ತ ಹೋಗುತ್ತಿದ್ದಳು. ಹೆದರಿಕೆ ಆಗುವುದಿಲ್ಲವೇನೆಂದು ನಾನು ಕೇಳಿದರೆ ಮಾತು ಹಾರಿಸುತ್ತಿದ್ದಳು. ಹೋದ ಹಂಗಾಮಿನಲ್ಲಿ ಗಾಳೆವ್ವನಿಗೆ ಕತ್ತಲಲ್ಲಿ ಬದುವಿನ ಮೇಲೆ ಹುಳ ಮುಟ್ಟಿತು. ಹಾವೆನ್ನಬಾರದು, ಹುಳ ಅನ್ನಬೇಕು. ಜೀವ ಉಳಿಯಿತು, ಆದರೆ ಆ ಕಾಲು ಇವತ್ತಿಗೂ ಬಾತುಕೊಂಡೇ ಇದೆ. ಈ ಗಾಳೆವ್ವ ಮತ್ತು ಅವಳ ಗಂಡ ಲಕ್ಷ್ಮಪ್ಪ ಗುರುಸಂಗಪ್ಪನವರ ಹೊಲದಲ್ಲೇ ಕೂಲಿ ಮಾಡುವವರು.

ಈ ಸಲದ ಚುನಾವಣೆಯಲ್ಲಿ ಮೂವರು ಹೆಂಗಸರು ಮಂಡಳಿಗೆ ಬಂದರು. ಮೀಸಲು ಜಾಗಗಳಿಗೆ ಚನ್ನವ್ವ ಮತ್ತು ಗಾಳೆವ್ವ. ಇಬ್ಬರನ್ನೂ ನಿಲ್ಲಿಸಿದವರು ಗುರುಸಂಗಪ್ಪನವರೇ, ಮಾತಾಡುವುದಿಲ್ಲವೆಂಬ ಭರವಸೆಯ ಮೇಲೆ. ಚನ್ನವ್ವ ಗೆದ್ದ ದಿನ ಅವಳು ಹತ್ತಿ ಬಿಡಿಸುತ್ತಿದ್ದಳು, ಹಾರ ಬಿದ್ದಿದ್ದು ಮಹಾಲಿಂಗಪ್ಪನ ಕೊರಳಿಗೆ. ಮೂರನೆಯವಳು ಮಾತ್ರ ಯಾರ ಲೆಕ್ಕಕ್ಕೂ ಸಿಗದವಳು. ಅನ್ನಪೂರ್ಣೇಶ್ವರಿ, ಖಾರ ಕುಟ್ಟುವ ಗಿರಣಿ ನಡೆಸುವ ಗಟ್ಟಿಗಿತ್ತಿ. ಮೀಸಲಾತಿ ಇಲ್ಲದ ಜಾಗಕ್ಕೆ ನಿಂತು ಗಂಡಸನ್ನೇ ಸೋಲಿಸಿ ಬಂದಳು. ಬಂದವಳು ಸುಮ್ಮನೆ ಕೂಡಲಿಲ್ಲ, ಅಧ್ಯಕ್ಷಸ್ಥಾನಕ್ಕೇ ನಿಲ್ಲುತ್ತೇನೆ ಎಂದಳು. "ಹಗಲು ರಾತ್ರಿ ಪಾಳಿ ಚೀಟಿ ಎತ್ತಿ ಹಂಚೋಣ. ಒಬ್ಬಾಕಿನ ಹೊಲ ನೋಡೋ ಹೆಣ್ಣಮಕ್ಕಳಿಗೆ ರಾತ್ರಿ ಪಾಳಿ ಬ್ಯಾಡ" ಎಂದು ಊರೆಲ್ಲ ಹೇಳಿಕೊಂಡು ತಿರುಗಿದಳು.

ಅಧ್ಯಕ್ಷರನ್ನು ಆರಿಸುವ ಮಂಡಳಿಯಲ್ಲಿ ಹನ್ನೊಂದು ಜನ. ಕಾಲುವೆಯ ಕೊನೆಯಲ್ಲಿ, ನೀರು ಸರಿಯಾಗಿ ಮುಟ್ಟದ ಹೊಲದವರು ನಾಲ್ವರು ಅನ್ನಪೂರ್ಣೇಶ್ವರಿಯ ಕಡೆ ನಿಂತರು, ಅವಳು ಸೇರಿ ಐದು. ಗುರುಸಂಗಪ್ಪನವರದು, ಅವರೂ ಸೇರಿ ನಾಲ್ಕು. ಉಳಿದವರು ಚನ್ನವ್ವ, ಗಾಳೆವ್ವ. ಇಬ್ಬರೂ ಇತ್ತ ಬಿದ್ದರೆ ಹಳೆಯ ಅಧ್ಯಕ್ಷರೇ ಖಾಯಂ. ಒಬ್ಬಳು ಜಾರಿದರೂ ಮುಗಿಯಿತು.

ಆಗ ಗುರುಸಂಗಪ್ಪನವರು ಎಲ್ಲ ಕಡೆ ಮಾಡುವುದನ್ನೇ ಮಾಡಿದರು. ತಮ್ಮ ಕಡೆಯವರನ್ನು ಕ್ರೂಸರ್ ಗಾಡಿಯಲ್ಲಿ ತುಂಬಿಕೊಂಡು ಪ್ರವಾಸ ಹೊರಟರು. ಮೊದಲು ಇಟಗಿಗೆ ಹೋಗಿ ಭೀಮವ್ವ ದೇವಿಯ ಮುಂದೆ ಆಣೆ, ಆಮೇಲೆ ಗೋವಾ. ಗಾಡಿಯಲ್ಲಿ ಚನ್ನವ್ವ ಇದ್ದಳೇ? ಗಾಳೆವ್ವ ಇದ್ದಳೇ? ಎಲ್ಲಿಯ ಮಾತು! ಹೋದವರು ಮಹಾಲಿಂಗಪ್ಪ ಮತ್ತು ಲಕ್ಷ್ಮಪ್ಪ. ಮತ ಹೆಂಡತಿಯದು, ಪ್ರವಾಸ ಗಂಡನದು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ! ದೇವಿಯ ಮುಂದೆ ಒಬ್ಬೊಬ್ಬರಾಗಿ ನಿಂತು, ಕೈಯಲ್ಲಿ ಕಾಯಿ ಹಿಡಿದು, ಮಕ್ಕಳ ಹೆಸರು ಹೇಳಿ ಪ್ರಮಾಣ ಮಾಡಿದರಂತೆ. ಆ ಭೀಮವ್ವನೂ ಹೆಣ್ಣುಮಗಳೇ ಅಲ್ಲವೇ, ಆಕೆಗೆ ಒಳಗೊಳಗೇ ನಗು ಬಂದಿರಬೇಕು.

ಅವರು ಅತ್ತ ಹೋದಾಗ ಇತ್ತ ಅನ್ನಪೂರ್ಣೇಶ್ವರಿ ಚನ್ನವ್ವನ ಮನೆಗೆ ಬಂದಳು. ನಾನು ಅಲ್ಲೇ ಮೆಣಸಿನಕಾಯಿ ತೊಟ್ಟು ಮುರಿಯುತ್ತ ಕುಂತಿದ್ದೆ.

"ಚನ್ನವ್ವ, ಸುತ್ತಿ ಬಳಸಿ ಮಾತಾಡಂಗಿಲ್ಲ ನಾ. ನಿನ್ನ ಮತ ಬೇಕು. ಕೊಡ್ತಿಯೇನ?" ಎಂದಳು.

ಚನ್ನವ್ವ ತಲೆ ಎತ್ತಲಿಲ್ಲ. "ಮಾತು ಕೊಡಂಗಿಲ್ರಿ ಅಕ್ಕಾರ. ಕೊಟ್ಟರ ತಪ್ಪಾಕ ಬರಂಗಿಲ್ಲ ನನಗ. ಯೋಚನಿ ಮಾಡ್ತೀನಿ."

ಅನ್ನಪೂರ್ಣೇಶ್ವರಿಯ ಮುಖ ಸಣ್ಣದಾಯಿತು. ಚಹಾ ಕುಡಿದು ಎದ್ದು ಹೋದಳು.

ಮಹಾಲಿಂಗಪ್ಪ ಗೋಡಂಬಿ ಪಾಕೀಟು ಹಿಡಿದುಕೊಂಡು ತಿರುಗಿ ಬಂದ. ಮುಖ ಬಿಸಿಲಿಗೆ ಕರ್ರಗಾಗಿತ್ತು, ಗೆಲುವು ಮಾತ್ರ ಹೇಳತೀರದು. ಉಣ್ಣುತ್ತ ಕುಂತಾಗ ಹೆಂಡತಿಗೆ ಹೇಳಿದ್ದು ಗೋಡೆಯಾಚೆ ನನಗೂ ಕೇಳಿಸಿತು.

"ನಾಡದು ನೀ ಬರಬೇಕಾಗೇತಿ. ಈ ಸಲದ ಅಧಿಕಾರಿ ಗಂಡಂದಿರನ್ನ ಒಳಗ ಬಿಡಾಂವಲ್ಲಂತ. ಮುಚ್ಚಿದ ಮತಾ. ಗುರುಸಂಗಪ್ಪಮಾವನ ಹೆಸರಿನ ಮುಂದ ಗುರುತು ಹಾಕು, ಮಡಚು, ಪೆಟಿಗ್ಯಾಗ ಬಿಡು. ಚಿನ್ನೂನ ಮ್ಯಾಲ ಆಣಿ ಮಾಡಿ ಬಂದೀನಿ. ನೆನಪ ಇರಲಿ."

ಚಿನ್ನು ಅವರ ಒಬ್ಬಳೇ ಮಗಳು. ನರಗುಂದದ ಸಾಲಿಯಲ್ಲಿ ಹತ್ತನೆಯ ಇಯತ್ತೆ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ, ಹರಕೆಗಳ ಮೇಲೆ ಹರಕೆ ಹೊತ್ತು ಪಡೆದ ಕೂಸು. ಗೋಡೆಯಾಚೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ನನಗಂತೂ ಮೈಯೆಲ್ಲ ಉರಿಯಿತು.

ಮರುದಿನ ಅವಳು ನನ್ನ ಹಿತ್ತಲಿಗೆ ಬಂದಳು. ಕಣ್ಣು ಕೆಂಪಗಾಗಿದ್ದವು. ನನ್ನ ಮಗ್ಗುಲಿಗೆ ಕುಂತು ಕೇಳಿದಳು:

"ಜಮಾಲಬಿ, ಒಬ್ಬರ ಬಾಯಿಲೆ ಇನ್ನೊಬ್ಬರ ಆಣಿ ಆಗತೈತೇನ?"

"ರೋಜಾ ನಾ ಹಿಡದ್ರ ನಿನ್ನ ಹೊಟ್ಟಿ ಹಸೀತೈತೇನ?" ಎಂದೆ ನಾನು.

ನಗುತ್ತಾಳೆಂದುಕೊಂಡಿದ್ದೆ, ನಗಲಿಲ್ಲ. "ಚಿನ್ನೂಗ ಏನರ ಆದ್ರ?" ಎಂದಳು. ತಾಯಿಯ ಹೆದರಿಕೆಗೆ ಯಾರು ಏನು ಹೇಳಿಯಾರು? ಅತ್ತ ಹುಲಿ, ಇತ್ತ ದರಿ. ಅವಳ ಕೈ ಹಿಡಿದು ಕುಂತೆ, ಅಷ್ಟೇ.

ಅಧ್ಯಕ್ಷರ ಚುನಾವಣೆಯ ದಿನ ಸಭಾಕೋಣೆಯಲ್ಲಿ ಹನ್ನೊಂದು ಕುರ್ಚಿ ಹಾಕಿದೆ. ಅಧಿಕಾರಿ ಗಂಡಂದಿರನ್ನು ಹೊರಗೆ ಕಳಿಸಿದ. ಚಹಾದವಳನ್ನು ತಡೆಯುವ ಕಾಯ್ದೆ ಯಾವುದೂ ಇಲ್ಲ, ನಾನು ಮೂಲೆಯಲ್ಲಿ ಒಲೆಯ ಹತ್ತಿರ ನಿಂತೆ. ಹೊರಗೆ ಕಿಟಕಿಯ ಸಳಿಗೆ ಮಹಾಲಿಂಗಪ್ಪನ ಮುಖ ಅಂಟಿಕೊಂಡಿತ್ತು, ಅದರ ಪಕ್ಕ ಲಕ್ಷ್ಮಪ್ಪನದು.

ಎಲ್ಲರೂ ಕುಂತರು, ಚನ್ನವ್ವ ಕೂಡಲಿಲ್ಲ. ಗುರುಸಂಗಪ್ಪನವರು ಅವಳಿಗೆ ಸಂಬಂಧದಲ್ಲಿ ಮಾವ. ಮಾವನ ಎದುರು ಸೊಸೆ ಕುರ್ಚಿಯ ಮೇಲೆ ಕೂಡುವುದು ನಮ್ಮಲ್ಲಿ ಇಲ್ಲ. ಸೆರಗು ತಲೆ ತುಂಬ ಹೊದ್ದು ಗೋಡೆಗೆ ಹತ್ತಿ ನಿಂತುಬಿಟ್ಟಳು. ಅವಳನ್ನು ನೋಡಿ ಗಾಳೆವ್ವನೂ ಬಾತ ಕಾಲು ಎಳೆದುಕೊಂಡು ಎದ್ದು ನಿಂತಳು.

"ಎಲ್ಲ ಸದಸ್ಯರೂ ಕೂತ ಮೇಲೆಯೇ ಶುರು ಮಾಡುತ್ತೇನೆ" ಎಂದ ಅಧಿಕಾರಿ.

"ಕುಂಡ್ರವ್ವಾ, ಕುಂಡ್ರು. ಇವತ್ತೊಂದಿನ ಪರವಾಗಿಲ್ಲ" ಎಂದರು ಗುರುಸಂಗಪ್ಪನವರು, ಕುರ್ಚಿಯೂ ತಮ್ಮದೇ, ಅಪ್ಪಣೆಯೂ ತಮ್ಮದೇ ಎಂಬಂತೆ. ಅನ್ನಪೂರ್ಣೇಶ್ವರಿ ಹಲ್ಲು ಕಚ್ಚಿದ್ದು ನನಗೆ ಕಂಡಿತು. ಚನ್ನವ್ವ ಕುರ್ಚಿಯ ತುದಿಗೆ, ಯಾವಾಗ ಬೇಕಾದರೂ ಏಳುವ ಹಾಗೆ ಕುಂತಳು.

ಒಬ್ಬೊಬ್ಬರೇ ಪರದೆಯ ಹಿಂದೆ ಹೋಗಿ ಬಂದರು. ಗಾಳೆವ್ವ ಹೋದಷ್ಟೇ ಬೇಗ ಬಂದಳು. ಚನ್ನವ್ವ ಹೋದಳು. ಹೋದವಳು ಬರಲೇ ಇಲ್ಲ. ನನ್ನ ಒಲೆಯ ಮೇಲೆ ಚಹಾ ಉಕ್ಕಿತು, ಇಳಿಸುವ ಎಚ್ಚರವಿಲ್ಲ ನನಗೆ. ಕಿಟಕಿಯಲ್ಲಿ ಮಹಾಲಿಂಗಪ್ಪ ಸಳಿ ಹಿಡಿದು ತುದಿಗಾಲಲ್ಲಿ ನಿಂತ. ಒಬ್ಬರು ಕೆಮ್ಮಿದರು, ಇನ್ನೊಬ್ಬರು ಗಡಿಯಾರ ನೋಡಿದರು. ಕಡೆಗೆ ಅವಳು ಹೊರಬಂದು, ಚೀಟಿಯನ್ನು ಪೆಟ್ಟಿಗೆಗೆ ಹಾಕಿ, ಹೋಗಿ ಕುಂತಳು. ಈ ಸಲ ಕುರ್ಚಿಯ ಬೆನ್ನಿಗೆ ಒರಗಿ ಕುಂತಳು. ನನಗೆ ಅಲ್ಲಿಯೇ ಗೊತ್ತಾಯಿತು.

ಎಣಿಕೆ ಮುಗಿಯಿತು. ಅನ್ನಪೂರ್ಣೇಶ್ವರಿಗೆ ಆರು, ಗುರುಸಂಗಪ್ಪನವರಿಗೆ ಐದು.

ಅಧಿಕಾರಿ ಕಾಗದ ಕಟ್ಟಿಕೊಂಡು ಜೀಪು ಹತ್ತುವ ತನಕ ಎಲ್ಲರೂ ಬಾಯಿ ಮುಚ್ಚಿದ್ದರು. ಜೀಪಿನ ಧೂಳು ಇಳಿಯುವ ಮೊದಲೇ ಸಂಘದ ಅಂಗಳ ಗಂಡಸರಿಂದ ತುಂಬಿಹೋಯಿತು. ಆಣೆ ಮುರಿದವರು ಯಾರು? ಯಾರೂ ಚನ್ನವ್ವನ ಕಡೆ ನೋಡಲಿಲ್ಲ. ಮಹಾಲಿಂಗಪ್ಪನ ಹೆಂಡತಿ, ಹಿರೇಮನೆತನದ ಸೊಸೆ, ಅವಳು ಮುರಿದಾಳೆಂದು ಕನಸಿನಲ್ಲೂ ಅವರಿಗೆ ಬರಲಿಲ್ಲ. ಎಲ್ಲರ ಕಣ್ಣು ಗಾಳೆವ್ವನ ಮೇಲೆ ಬಿತ್ತು. ಬಗ್ಗಿದವರಿಗೆ ಒಂದು ಗುದ್ದು ಹೆಚ್ಚು ಅಂತಾರಲ್ಲ, ಹಾಗೆ.

"ಕಾಲಿನ ಸಿಟ್ಟು ತೀರಿಸಿಕೊಂಡ್ಲು ನೋಡ್ರಿ" ಎಂದ ಒಬ್ಬ.

"ನಾ ಧಣ್ಯಾರಿಗೇ ಹಾಕೀನ್ರಿ! ನನ್ನ ಮಕ್ಕಳಾಣಿ, ಧಣ್ಯಾರಿಗೇ ಹಾಕೀನಿ!" ಗಾಳೆವ್ವ ಅಳುತ್ತ ಕೈಮುಗಿದಳು. ಖರೇ ಹೇಳುತ್ತಿದ್ದಳು, ಪಾಪ. ಹುಳ ಕಚ್ಚಿಸಿಕೊಂಡವಳು ಹೆದರಿಕೆಗೆ ಆ ರಾತ್ರಿ ಪಾಳಿ ಹಚ್ಚಿದವರಿಗೇ ಮತ ಹಾಕಿದ್ದಳು. ಆದರೂ ಅವಳ ಮಾತನ್ನು ಒಬ್ಬರೂ ನಂಬಲಿಲ್ಲ.

ಗುರುಸಂಗಪ್ಪನವರು ದನಿ ಏರಿಸುವವರಲ್ಲ. ಮೆಲ್ಲಗೆ ಹೇಳಿದರು: "ಲಕ್ಷ್ಮಪ್ಪ, ದೇವಿ ಮುಂದ ಆಣಿ ಮಾಡಿದಾಂವ ನೀನು. ಹೆಂಡತೀನ ಹದ್ದಬಸ್ತಿನಾಗ ಇಟ್ಕೋಳಾಕ ಆಗಲಿಲ್ಲ ನಿನಗ. ನಾಳಿಂದ ನನ್ನ ಹೊಲಕ್ಕ ಇಬ್ಬರೂ ಬರಬ್ಯಾಡ್ರಿ. ಊರಾಗ ಯಾರು ಕರೀತಾರೋ ನೋಡಕೋರಿ."

ಧಣಿಯ ಮೇಲೆ ಏಳಲಾರದ ಲಕ್ಷ್ಮಪ್ಪನ ಕೈ ಹೆಂಡತಿಯ ಮೇಲೆ ಎದ್ದಿತು. ಗಾಳೆವ್ವ ಹೊಡೆತಕ್ಕೆ ತಲೆ ತಗ್ಗಿಸಿ ನಿಂತಳು.

"ಹೊಡೀಬ್ಯಾಡ!"

ಯಾರ ದನಿ ಎಂದು ಎಲ್ಲರೂ ತಿರುಗಿದರು. ಇಷ್ಟು ವರ್ಷ ಊರೊಳಗಿದ್ದರೂ ಆ ದನಿಯನ್ನು ಅವರು ಕೇಳಿರಲಿಲ್ಲ. ಚನ್ನವ್ವ ಮೆಟ್ಟಿಲಿಳಿದು ಬಂದು ಗಾಳೆವ್ವನ ಮುಂದೆ ನಿಂತಳು.

"ಆಕಿ ಹಾಕಿಲ್ಲ. ಆ ಮತಾ ನಂದು."

ಯಾ ಅಲ್ಲಾ! ಬಾಯಿ ಮುಚ್ಚಿಕೊಂಡಿದ್ದರೆ ಅವಳು ಪಾರಾಗುತ್ತಿದ್ದಳು. ಮುಚ್ಚಿದ ಮತ, ಯಾವ ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ.

ಮಹಾಲಿಂಗಪ್ಪ ಜನರನ್ನು ಸರಿಸಿಕೊಂಡು ಬಂದ. ಬೈಯುತ್ತಾನೆಂದುಕೊಂಡೆವು. ಅವನ ದನಿಯಲ್ಲಿ ಸಿಟ್ಟಿಗಿಂತ ಅಂಜಿಕೆಯೇ ಹೆಚ್ಚಾಗಿತ್ತು. "ಏನ ಮಾಡಿದಿ ಚನ್ನೀ? ಚಿನ್ನೂನ ಮ್ಯಾಲ ಆಣಿ ಮಾಡಿದ್ನಲ್ಲ ನಾ!"

"ನೀವು ಮಾಡೀರಿ" ಎಂದಳು ಚನ್ನವ್ವ. "ಕಾಯಿ ಹಿಡದಾವ್ರು ನೀವು, ಗಾಡಿ ಹತ್ತಿದಾವ್ರು ನೀವು. ಮತಾ ನಂದು, ಮಗಳು ನಂದು. ನನ್ನ ಕೇಳಿದ್ರೇನ?" ಆಮೇಲೆ ಗುರುಸಂಗಪ್ಪನವರ ಕಡೆ ತಿರುಗಿದಳು. "ಮಾವಾರ, ನೀವು ಒಂದ ಸಲ ನಮ್ಮ ಪಡಸಾಲಿಗೆ ಬಂದು, ಚನ್ನವ್ವ, ನಿನ್ನ ಮತಾ ನನಗ ಕೊಡು ಅಂದಿದ್ರ, ಹಿರ್ಯಾರು ಅಂತ ಕೊಟ್ಟಬಿಡತಿದ್ದೆ. ಕೊಟ್ಟ ಮ್ಯಾಲ ಜೀವಾ ಹೋದ್ರೂ ತಪ್ಪತಿರಲಿಲ್ಲ. ನೀವು ಇಟಗಿ ತನಕ ಹೋದ್ರಿ, ಗೋವಾ ತನಕ ಹೋದ್ರಿ. ನಾಕ ಮನಿ ದಾಟಿ ನನ್ನ ತನಕ ಬರಲಿಲ್ಲ."

ಗುರುಸಂಗಪ್ಪನವರು ಹೆಗಲ ಮೇಲಿನ ವಸ್ತ್ರ ಝಾಡಿಸಿ ಹೋಗಿಬಿಟ್ಟರು. ಹೋಗುತ್ತ ಅವರ ಕಡೆಯವನೊಬ್ಬ ಒಂದು ಮಾತು ಎಸೆದು ಹೋದ. "ಮಂದಿ ಮುಂದ ಭಾಳ ಮಾತಾಡಿದಿ. ಸಂಜಿಗಿ ಮಗಳು ಬರತಾಳಲ್ಲ ಸಾಲಿಂದ, ನೋಡೋಣು."

ಆ ನಾಲಗೆಗೆ ಹುಳ ಬೀಳಲಿ! ಹೆತ್ತವಳ ಮುಂದೆ ಆಡುವ ಮಾತೇ ಅದು? ಚನ್ನವ್ವ ಅಂಗಳದಲ್ಲಿ ಹೇಗೆ ನಿಂತಿದ್ದಳೋ ಹಾಗೇ ನಿಂತಳು. ಇಷ್ಟು ಹೊತ್ತು ಇದ್ದ ಧೈರ್ಯವೆಲ್ಲ ಎಲ್ಲಿ ಹೋಯಿತೋ. ಅಭಿನಂದಿಸಲು ಬಂದ ಅನ್ನಪೂರ್ಣೇಶ್ವರಿಯ ಕೈಯನ್ನೂ ಹಿಡಿಯದೆ, ಸೀದಾ ಬಸ್ ಸ್ಟ್ಯಾಂಡಿನ ಕಟ್ಟೆಗೆ ಹೋಗಿ ಕುಂತಳು. ನಾನೂ ಹಿಂದೆ ಓಡಿದೆ. ಗಾಳೆವ್ವ ಕುಂಟುತ್ತ ಬಂದು ಅವಳ ಕಾಲ ಹತ್ತಿರ ನೆಲದ ಮೇಲೆ ಕುಂತಳು. ಸ್ವಲ್ಪ ದೂರದಲ್ಲಿ ಬೇವಿನ ಗಿಡದ ಕೆಳಗೆ ಮಹಾಲಿಂಗಪ್ಪ ಒಬ್ಬನೇ ನಿಂತ. ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಲಿಲ್ಲ.

ಬಸ್ಸು ಬರುವ ಹೊತ್ತಾಯಿತು. ಬರಲಿಲ್ಲ. ದನಗಳು ಮನೆಗೆ ತಿರುಗಿದವು. ಬರಲಿಲ್ಲ. ಮಹಾಲಿಂಗಪ್ಪ ನರಗುಂದದ ತನ್ನ ಅಂಗಡಿ ಪಕ್ಕದವನಿಗೆ ಫೋನ್ ಹಚ್ಚಿದ. ಬಸ್ಸು ಬಿಟ್ಟು ಬಹಳ ಹೊತ್ತಾಯಿತು, ಚಿನ್ನು ಹತ್ತಿದ್ದನ್ನು ಕಂಡಿದ್ದೇನೆ ಎಂದು ಆ ಕಡೆಯಿಂದ ಹೇಳಿದ್ದು ನಮಗೂ ಕೇಳಿಸಿತು. ಹುಡುಗಿಯ ಹತ್ತಿರ ಫೋನಿಲ್ಲ. ಮಹಾಲಿಂಗಪ್ಪ ಅಲ್ಲಿಯೇ ಕುಕ್ಕರಗಾಲಲ್ಲಿ ಕುಸಿದು ತಲೆಯ ಮೇಲೆ ಕೈ ಹೊತ್ತ.

"ಜಮಾಲಬಿ" ಎಂದಳು ಚನ್ನವ್ವ, ರಸ್ತೆಯಿಂದ ಕಣ್ಣು ಕೀಳದೆ. "ನಾ ತಪ್ಪ ಮಾಡಿದ್ನೇನ?"

"ಇಲ್ಲ" ಎಂದೆ. ಬಾಯಿ ಇಲ್ಲ ಎಂದಿತು. ಎದೆಯೊಳಗೆ ನನಗೆ ಗೊತ್ತಿದ್ದ ದುವಾಗಳನ್ನೆಲ್ಲ ಒಂದರ ಮೇಲೊಂದು ಓದುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ನನಗೂ ಜೀವ ಬಾಯಿಗೆ ಬಂದಿತ್ತು.

ಹೊತ್ತು ಮುಳುಗುವಾಗ ನಡುದಾರಿಯ ಚಿಕ್ಕನರಗುಂದದ ಕಡೆಯಿಂದ ಧೂಳು ಕಂಡಿತು, ಆಮೇಲೆ ಬಸ್ಸು ಕಂಡಿತು. ಗೋವಿನಜೋಳ ತುಂಬಿದ ಟ್ರ್ಯಾಕ್ಟರಿನ ಟ್ರೇಲರ್ ದಾರಿಗೆ ಅಡ್ಡ ಬಿದ್ದಿತ್ತಂತೆ, ಮತ್ತೇನಿಲ್ಲ. ನಾಲ್ಕಾರು ಜನ ಇಳಿದರು. ಅವರ ಹಿಂದೆ, ಚೀಲ ಹೆಗಲಿಗೆ ಹಾಕಿಕೊಂಡು, ಎರಡು ಜಡೆಯ ಚಿನ್ನು.

"ಯವ್ವಾ, ಭಾಳ ಹಸಿವ್ಯಾಗೇತಿ" ಎಂದಳು. ಆಮೇಲೆ ನಮ್ಮನ್ನೆಲ್ಲ ನೋಡಿದಳು. "ಯಾಕ, ಎಲ್ಲಾರೂ ಹಿಂಗ್ಯಾಕ ನೋಡಾಕತ್ತೀರಿ?"

ಚನ್ನವ್ವ ಮಗಳ ತಲೆ ಸವರಿದಳು. ಹಣೆ, ಕಿವಿ, ಜಡೆ, ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಅಳಲಿಲ್ಲ. ನಾನೇ ಅತ್ತೆ, ಗಾಳೆವ್ವನೂ ಅತ್ತಳು. ಚಿನ್ನುವನ್ನು ಚನ್ನವ್ವ ನನ್ನ ಜೊತೆ ಮುಂದೆ ಕಳಿಸಿದಳು. ನಾಲ್ಕು ಹೆಜ್ಜೆ ಇಟ್ಟವಳು ನಾನು ಚಪ್ಪಲಿಯ ಉಂಗುಟ ಸರಿಮಾಡುವ ನೆವದಲ್ಲಿ ನಿಂತೆ. ಮಹಾಲಿಂಗಪ್ಪ ಬೇವಿನ ಗಿಡ ಬಿಟ್ಟು ಹೆಂಡತಿಯ ಹತ್ತಿರ ಬಂದಿದ್ದ. ಹೊಡೆಯುತ್ತಾನೋ, ಬಿಟ್ಟು ಹೋಗುತ್ತಾನೋ ಎಂದು ನನಗೆ ದಿಗಿಲು.

ಅವನು ನೆಲ ನೋಡುತ್ತ ಕೇಳಿದ: "ರಾತ್ರಿ ಪಾಳಿಗೆ ಹೋಗುವಾಗ ನೀ ಕೆಮ್ಮತಿದ್ದಿ. ನಾ ಹಾಸಿಗ್ಯಾಗ ಮಲಗಿ ಕೇಳತಿದ್ದೆ. ನೆಗಡಿ ಆಗೇತಿ ಅನಕೊಂಡಿದ್ದೆ. ಹೆದರಿಕಿ ಆಗತಿತ್ತೇನ ನಿನಗ?"

ತಮ್ಮನ ಮದುವೆ ಬಿಟ್ಟು ಬರುವಾಗ ಅಳದವಳು, ಅಂಗಳದ ತುಂಬ ಗಂಡಸರ ಮುಂದೆ ಅಳದವಳು, ಮಗಳು ಬಸ್ಸಿನಿಂದ ಇಳಿದಾಗಲೂ ಅಳದವಳು, ಚನ್ನವ್ವ, ಆ ಕಟ್ಟೆಯ ಮೇಲೆ ಕುಸಿದು ಕುಂತು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಬಹಳ ಹೊತ್ತು ಅತ್ತಳು. ಮಹಾಲಿಂಗಪ್ಪ ಪಕ್ಕದಲ್ಲೇ ನಿಂತಿದ್ದ.

"ಹೌದ್ರಿ" ಎಂದಳು ಕಡೆಗೆ. "ಭಾಳ ಆಗತಿತ್ರಿ."